ಬೈಂದೂರು ಘಟ್ಟ ಹತ್ತಿದ ಲೆಕ್ಕ

ಬೈಂದೂರಿನವರ ಜಿಲ್ಲೆ ಉಡುಪಿ, ಡಿಸಿ ಕಚೇರಿ ಮಣಿಪಾಲದಲ್ಲಿ, ಆಡುವ ಮಾತು ಕುಂದಗನ್ನಡ. ಲೋಕಸಭೆಗೆ ಮಾತ್ರ ಅವರು ಶಿವಮೊಗ್ಗದವರು. ಸಂಸದರ ಕ್ಷೇತ್ರದ ಉಳಿದ ಏಳು ಭಾಗಗಳೂ ಘಟ್ಟದ ಮೇಲಿವೆ. 2008ರ ಮರುವಿಂಗಡಣೆಯಿಂದ, ಅಂದರೆ ಜನಸಂಖ್ಯೆ ನೋಡಿ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆದಾಗಿನಿಂದ, ಹೀಗೆಯೇ ನಡೆದಿದೆ. ಇದು ಯಾರ ಕೈವಾಡ ಎಂದು ಹುಡುಕುವ ಮುಂಚೆ ಕಾಗದ ತೆಗೆದುಕೊಂಡು ಒಂದು ಭಾಗಾಕಾರ ಮಾಡಿ ನೋಡಬೇಕು. ಊರುಗಳು ಒಡೆಯುವುದು ಎಷ್ಟೋ ಸಲ ಆ ಭಾಗಾಕಾರದ ಶೇಷದಲ್ಲಿ.

2001ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 5,28,50,562. ವಿಧಾನಸಭೆಯ 224 ಸ್ಥಾನಗಳಿಗೆ ಭಾಗಿಸಿದರೆ ಕ್ಷೇತ್ರಕ್ಕೆ ಸರಾಸರಿ 2,35,940. ಲೋಕಸಭೆಯ ಸ್ಥಾನ 28. ಒಂದು ವಿಧಾನಸಭಾ ಕ್ಷೇತ್ರ ಎರಡು ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಬಾರದು ಎಂಬುದು ಮರುವಿಂಗಡಣೆ ಕಾಯಿದೆಯ ಮಾತು. ಹಾಗಾಗಿ ಒಂದೊಂದು ಲೋಕಸಭಾ ಕ್ಷೇತ್ರಕ್ಕೆ ಎಂಟೆಂಟು ವಿಧಾನಸಭಾ ಕ್ಷೇತ್ರ. ಈಗ ಜಿಲ್ಲೆಗಳನ್ನು ನೋಡಿ. ದಕ್ಷಿಣ ಕನ್ನಡದ 18.97 ಲಕ್ಷವನ್ನು ಸರಾಸರಿಯಿಂದ ಭಾಗಿಸಿದರೆ 8.04, ಅಂದರೆ ಎಂಟು ಸ್ಥಾನ, ಒಂದು ಜಿಲ್ಲೆಗೆ ಒಂದು ಲೋಕಸಭೆ. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ. ಪಕ್ಕದ ಉಡುಪಿ 4.71, ಐದು ಸ್ಥಾನ. ಚಿಕ್ಕಮಗಳೂರು 4.84, ಅದಕ್ಕೂ ಐದು. ಎರಡೂ ಸೇರಿದರೆ ಹತ್ತು. ಎಂಟು ಇಟ್ಟುಕೊಂಡರೆ ಎರಡು ಮಿಕ್ಕಿತು. ಅತ್ತ ಶಿವಮೊಗ್ಗ 6.96, ಏಳು ಸ್ಥಾನ, ಒಂದು ಕಡಿಮೆ. ಹಾಸನ 7.30, ಅಲ್ಲಿಯೂ ಏಳು, ಅಲ್ಲಿಯೂ ಒಂದು ಕಡಿಮೆ. ಬೈಂದೂರು ಶಿವಮೊಗ್ಗಕ್ಕೆ ಹೋಯಿತು, ಕಡೂರು ಹಾಸನಕ್ಕೆ.

ಉತ್ತರ ಕನ್ನಡದ್ದೂ ಇದೇ ಕಥೆ. ಅಲ್ಲಿ ಆರು ಸ್ಥಾನ, ಎರಡರ ಕೊರತೆ. ಬೆಳಗಾವಿ ಜಿಲ್ಲೆಗೆ ಹದಿನೆಂಟು. ಬೆಳಗಾವಿ, ಚಿಕ್ಕೋಡಿ ಎರಡಕ್ಕೂ ಎಂಟೆಂಟು ಕೊಟ್ಟ ಮೇಲೆ ಉಳಿದದ್ದು ಎರಡು. ಖಾನಾಪುರ ಮತ್ತು ಕಿತ್ತೂರು ಕಾರವಾರದ ಜೊತೆ ಸೇರಿದ್ದು ಹೀಗೆ. ಮೈಸೂರು ಜಿಲ್ಲೆಯ ಹನ್ನೊಂದು ಮೂರು ಪಾಲಾಯಿತು: ಆರು ಕೊಡಗಿನ ಎರಡರ ಜೊತೆ, ನಾಲ್ಕು ಚಾಮರಾಜನಗರದ ನಾಲ್ಕರ ಜೊತೆ, ಉಳಿದ ಕೆ.ಆರ್. ನಗರ ಮಂಡ್ಯದ ಏಳರ ಜೊತೆ.

ಶೇಷ ಇದ್ದೇ ಇರುತ್ತದೆ. ಅದು ಯಾರ ಪಾಲಿಗೆ ಬೀಳಬೇಕು ಎಂಬಲ್ಲಿ ಮಾತ್ರ ವಾದಕ್ಕೆ ಜಾಗ. ಬೈಂದೂರಿನ ಬದಲು ಚಿಕ್ಕಮಗಳೂರು ಕಡೆಯ ಒಂದು ಕ್ಷೇತ್ರ ಶಿವಮೊಗ್ಗಕ್ಕೆ ಹೋಗಬಹುದಿತ್ತಲ್ಲ? ತರೀಕೆರೆ ಭದ್ರಾವತಿಗೆ ಅಂಟಿಕೊಂಡೇ ಇದೆ, ನಡುವೆ ರೈಲೂ ಇದೆ. ಆಗ ಉಡುಪಿಯ ಐದೂ ಒಟ್ಟಿಗೆ ಉಳಿಯುತ್ತಿದ್ದವು, ಚಿಕ್ಕಮಗಳೂರಿನದು ಮೂರು ಚೂರಾಗುತ್ತಿತ್ತು. ಯಾವುದು ಸರಿ ಎಂಬುದು ಆ ಕಡೆಯವರು ವಾದಿಸಬೇಕಾದ ವಿಷಯ. ಗಡಿ ಎಳೆಯುವ ಆಯೋಗಕ್ಕೆ ‘ನಮ್ಮನ್ನು ಒಡೆಯಬೇಡಿ’ ಎಂದಷ್ಟೇ ಬರೆದರೆ ಅದು ಗೋಳು. ‘ನಮ್ಮ ಬದಲು ಇದನ್ನು ತೆಗೆದುಕೊಳ್ಳಿ, ಎಂಟು ಎಂಟೇ ಉಳಿಯುತ್ತದೆ’ ಎಂದು ಬರೆದರೆ ಮಾತ್ರ ಅದನ್ನು ಪ್ರಸ್ತಾವ ಎಂದು ಓದುತ್ತಾರೆ.

ಕೊಡಗಿನ ಲೆಕ್ಕವನ್ನು ಯಾರೂ ಸಾಕಷ್ಟು ಬಳಸಿಕೊಂಡಿಲ್ಲ ಎಂದೇ ನನ್ನ ಅಭಿಪ್ರಾಯ. 2008ರ ಗಡಿಗಳನ್ನು ಎಳೆದ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ ಸರಾಸರಿಗಿಂತ ಶೇ 10ರಷ್ಟು ಆಚೀಚೆ ಇರಬಹುದು ಎಂದಿತ್ತು, ಅಂದರೆ ಸುಮಾರು 2.12 ಲಕ್ಷದಿಂದ 2.6 ಲಕ್ಷ. ಕೊಡಗಿನ ಜನಸಂಖ್ಯೆ 5,48,561. ಮೂರು ಇದ್ದದ್ದು ಎರಡಾಗಿ, ಒಂದೊಂದಕ್ಕೆ ಸರಾಸರಿ 2.74 ಲಕ್ಷ ಬಂತು. ಶೇ 16 ಜಾಸ್ತಿ. ಆದರೂ ಕೊಡಗಿನ ತುಂಡನ್ನು ಮೈಸೂರಿಗೆ ಸೇರಿಸಿ ಸರಿದೂಗಿಸಲಿಲ್ಲ, ಜಿಲ್ಲೆಯ ಗಡಿಯನ್ನು ಉಳಿಸಿದರು. ಶೇ 10 ಎಂಬುದು ಕಬ್ಬಿಣದ ಬೇಲಿಯಲ್ಲ, ಆಡಳಿತದ ಗಡಿ ಅದಕ್ಕಿಂತ ತೂಕದ್ದು ಎಂದು ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಕಾಯಿದೆಯಲ್ಲಿ ‘ಸಮುದಾಯ’ ಎಂಬ ಪದವೇ ಇಲ್ಲ. 2002ರ ಕಾಯಿದೆಯ 9ನೇ ಕಲಂ ಹೇಳುವುದು ನಾಲ್ಕು: ಭೌಗೋಳಿಕ ಲಕ್ಷಣ, ಈಗಿರುವ ಆಡಳಿತ ಘಟಕಗಳ ಗಡಿ, ಸಂಪರ್ಕ ಸೌಲಭ್ಯ, ಸಾರ್ವಜನಿಕರ ಅನುಕೂಲ. ಬ್ರಿಟನ್ನಿನ ಕಾನೂನಿನಲ್ಲಿ ಸ್ಥಳೀಯ ನಂಟು ಕಡಿಯುತ್ತದೆಯೇ ನೋಡಿ ಎಂದು ನೇರವಾಗಿ ಬರೆದಿದ್ದಾರೆ; ನಮ್ಮಲ್ಲಿ ಆ ಭಾಗ್ಯವಿಲ್ಲ. ಹಾಗಾಗಿ ನಂಟನ್ನು ಈ ನಾಲ್ಕರ ಭಾಷೆಗೆ ಇಳಿಸಿ ಬರೆಯಬೇಕು. ನಮ್ಮದೆಲ್ಲ ಒಂದೇ ಊರು, ಒಂದೇ ಜಾತ್ರೆ ಎಂದರೆ ಕಡತದಲ್ಲಿ ನಿಲ್ಲುವುದಿಲ್ಲ. ಮಕ್ಕಳು ಯಾವ ಹೈಸ್ಕೂಲಿಗೆ ಹೋಗುತ್ತಾರೆ, ಪಡಿತರ ಎಲ್ಲಿಂದ ತರುತ್ತಾರೆ, ಯಾವ ನಾಡಕಚೇರಿ, ಯಾವ ಪೊಲೀಸ್ ಠಾಣೆ, ಬಸ್ಸು ಯಾವ ಕಡೆ ದಿನಕ್ಕೆ ಎಷ್ಟು ಸಲ ಹೋಗುತ್ತದೆ, ಮಳೆಗಾಲದಲ್ಲಿ ಯಾವ ಸೇತುವೆ ಮುಳುಗುತ್ತದೆ ಎಂಬುದು ನಿಲ್ಲುತ್ತದೆ.

ಇನ್ನೊಂದು ತೊಡಕು ಗೆರೆ ಎಳೆಯುವ ಇಟ್ಟಿಗೆಯದು. ಗೆರೆಯನ್ನು ಬೇಕಾದಲ್ಲಿ ಎಳೆಯಲು ಬರುವುದಿಲ್ಲ. ಜನಸಂಖ್ಯೆ ಗೊತ್ತಿರುವ ಘಟಕದ ಅಂಚಿನಲ್ಲೇ ಎಳೆಯಬೇಕು. ಹಳ್ಳಿಯಲ್ಲಿ ಆ ಘಟಕ ಕಂದಾಯ ಗ್ರಾಮ, ಅದರ ಮೇಲೆ ಗ್ರಾಮ ಲೆಕ್ಕಿಗರ ವೃತ್ತ, ಆಮೇಲೆ ಹೋಬಳಿ. ತಾಂಡಾ, ಗೊಲ್ಲರಹಟ್ಟಿ, ಹಾಡಿ ಇವೆಲ್ಲ ದಾಖಲೆಯಲ್ಲಿ ಮೂಲ ಗ್ರಾಮದ ಹೊಟ್ಟೆಯೊಳಗೆ ಇದ್ದರೆ ಅವಕ್ಕೆ ಪ್ರತ್ಯೇಕ ಸಂಖ್ಯೆಯೇ ಇರುವುದಿಲ್ಲ. ಮೂರು ಗ್ರಾಮಗಳ ಅಂಚಿನಲ್ಲಿ ಸೇರಿಕೊಂಡ ಒಂದೇ ತಾಂಡಾ ಇದ್ದರೆ, ಕಣ್ಣಿಗೆ ಒಂದೇ ಊರು, ಕಾಗದದಲ್ಲಿ ಮೂರು ತುಂಡು. ಕಂದಾಯ ಗ್ರಾಮವೆಂದು ಘೋಷಣೆಯಾದರೆ ಹಕ್ಕುಪತ್ರದ ಜೊತೆಗೆ ಈ ಪ್ರಯೋಜನವೂ ಇದೆ. ಆದರೆ ಗಣತಿಗೆ ಮುಂಚೆ ಗಡಿ ಸ್ಥಗಿತಗೊಳ್ಳುವ ದಿನದೊಳಗೆ ಆಗಿರಬೇಕು. 2027ರ ಗಣತಿಗೆ ಆ ದಿನ 2025ರ ಡಿಸೆಂಬರ್ 31 ಆಗಿತ್ತು.

ಪಟ್ಟಣದಲ್ಲಿ ಇಟ್ಟಿಗೆ ಇನ್ನೂ ಸಣ್ಣದು: ಗಣತಿ ಬ್ಲಾಕ್. ಒಬ್ಬ ಗಣತಿದಾರ ಮುಗಿಸಬಹುದಾದಷ್ಟು, ಸಾಮಾನ್ಯವಾಗಿ 600ರಿಂದ 800 ಜನ. ಪಾಲಿಕೆಯ ವಾರ್ಡುಗಳ ಗಡಿಗೂ ಇದೇ ಭಾಗಾಕಾರ; ಒಂದು ಲೆಕ್ಕ ಮಾಡೋಣ. 2011ರಲ್ಲಿ ಬಿಬಿಎಂಪಿ ಪ್ರದೇಶದ ಜನಸಂಖ್ಯೆ 84,43,675. 2023ರಲ್ಲಿ ಅದನ್ನು 225 ವಾರ್ಡ್ ಮಾಡಿದಾಗ ಸರಾಸರಿ 37,527 ಬಂತು. ಶೇ 10 ಆಚೀಚೆ ಹಿಡಿದರೆ 33,774ರಿಂದ 41,280. ಈಗ ಐದು ಪಾಲಿಕೆಗಳಾಗಿ 369 ವಾರ್ಡ್ ಆಗಿವೆ, ಸರಾಸರಿ ಕೆಳಗಿಳಿದಿದೆ. ಲೆಕ್ಕದ ರೀತಿ ಅದೇ. ‘ಅ’ ವಾರ್ಡಿನಲ್ಲಿ 38,000, ‘ಆ’ ವಾರ್ಡಿನಲ್ಲಿ 36,000 ಜನ ಇದ್ದಾರೆ ಎನ್ನಿ. ಒಂದೇ ಬಡಾವಣೆ ಎರಡೂ ಕಡೆ ಹರಿದಿದೆ; ಅದರ ಹತ್ತು ಬ್ಲಾಕು, 6,500 ಜನ, ‘ಅ’ದಿಂದ ‘ಆ’ಕ್ಕೆ ಬರಬೇಕು. ಹಾಗೇ ಕೇಳಿದರೆ ‘ಅ’ 31,500ಕ್ಕೆ ಕುಸಿಯುತ್ತದೆ, ‘ಆ’ 42,500ಕ್ಕೆ ಉಬ್ಬುತ್ತದೆ. ಎರಡೂ ಮಿತಿಯ ಹೊರಗೆ, ಅರ್ಜಿ ವಜಾ. ‘ಆ’ದ ಇನ್ನೊಂದು ತುದಿಯಿಂದ ‘ಅ’ಕ್ಕೆ ಅಂಟಿದ ಆರು ಬ್ಲಾಕು, 4,000 ಜನ, ವಾಪಸು ಕೊಟ್ಟರೆ 35,500 ಮತ್ತು 38,500. ಎರಡೂ ಒಳಗೆ. ಕೊಡುವ ಬ್ಲಾಕಿನವರಿಗೂ ಅದು ಒಪ್ಪಿಗೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಇಲ್ಲದಿದ್ದರೆ ಅಹವಾಲಿನ ದಿನ ಅವರೇ ಎದುರು ನಿಲ್ಲುತ್ತಾರೆ. ಪರಿಶಿಷ್ಟ ಜಾತಿ, ಪಂಗಡದ ಸಂಖ್ಯೆಯನ್ನೂ ಎರಡೂ ವಾರ್ಡಿಗೆ ಬೇರೆ ಅಂಕಣದಲ್ಲಿ ತೋರಿಸಿ. ಒಂದು ಕಾಲೊನಿ ಮೂರು ವಾರ್ಡಿಗೆ ಹರಿದರೆ ಮೂರರಲ್ಲೂ ಅವರ ಮಾತು ಸಣ್ಣದಾಗುತ್ತದೆ, ಮೀಸಲಾತಿಯ ಲೆಕ್ಕವೂ ತಪ್ಪುತ್ತದೆ.

ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿಯ ವಿವರ, ಬರೆಯುವಾಗ ದೊಡ್ಡ ರಸ್ತೆ ಸಿಕ್ಕಿದರೆ ಅಧಿಕಾರಿಗಳಿಗೆ ಖುಷಿ, ಬರೆಯಲು ಸುಲಭ. ಆದರೆ ಪೇಟೆ ಬೀದಿಯ ಎರಡು ಬದಿ ಒಂದೇ ಪೇಟೆ. ಗೆರೆ ರಸ್ತೆಯ ನಟ್ಟನಡುವೆ ಬಂದರೆ ಚರಂಡಿ ತುಂಬಿದ ದಿನ ಈ ಬದಿಯವರು ಆ ಬದಿಯ ಸದಸ್ಯರನ್ನು ತೋರಿಸುತ್ತಾರೆ. ಅಂಗಡಿ ಸಾಲಿನ ಹಿಂದಿನ ಗಲ್ಲಿ ಒಳ್ಳೆಯ ಗಡಿ. ರೈಲು ಹಳಿ, ರಾಜಕಾಲುವೆ, ಮೇಲುಸೇತುವೆಯಿಲ್ಲದ ಹೆದ್ದಾರಿ ಇವು ಜನರೇ ದಾಟದ ಗೆರೆಗಳು, ಗಡಿಗೆ ಹೇಳಿ ಮಾಡಿಸಿದವು. ಕೆರೆಯನ್ನು ಮಾತ್ರ ಸೀಳಬಾರದು. ಏರಿ, ನೀರು, ಕೋಡಿ ಒಂದೇ ವಾರ್ಡಿನಲ್ಲಿ ಇರಲಿ.

ಹೆಸರಿನ ವಿಷಯ ಚಿಲ್ಲರೆ ಎಂದು ಬಿಡುವವರು ‘ಬೆಂಗಳೂರು ದಕ್ಷಿಣ’ ಎಂದರೆ ಏನು ಎಂದು ಒಮ್ಮೆ ಹೇಳಿ ನೋಡಲಿ. ಅದೊಂದು ಲೋಕಸಭಾ ಕ್ಷೇತ್ರ. ಬಸವನಗುಡಿ, ಜಯನಗರ ಅದರಲ್ಲಿವೆ. ಅದೇ ಹೆಸರಿನ ವಿಧಾನಸಭಾ ಕ್ಷೇತ್ರವೂ ಇದೆ, ಆದರೆ ಅದು ಆ ಲೋಕಸಭೆಗೆ ಸೇರಿಲ್ಲ, ಬೆಂಗಳೂರು ಗ್ರಾಮಾಂತರಕ್ಕೆ ಸೇರಿದೆ. ಒಂದು ತಾಲ್ಲೂಕಿಗೂ ಅದೇ ಹೆಸರು. 2025ರಲ್ಲಿ ರಾಮನಗರ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಆಯಿತು. ಅದೇ ವರ್ಷ ಹೊಸ ಐದು ಪಾಲಿಕೆಗಳಲ್ಲಿ ಒಂದಕ್ಕೂ ಅದೇ. ಐದು ಗಡಿ, ಒಂದು ಹೆಸರು. ಮತದಾರರ ಪಟ್ಟಿಗೆ ಅರ್ಜಿ ತುಂಬುವವನ ಪಾಡು ದೇವರೇ ಬಲ್ಲ.

‘ಬೆಂಗಳೂರು ಗ್ರಾಮಾಂತರ’ ಇನ್ನೂ ಸೊಗಸು. ಆ ಹೆಸರಿನ ಜಿಲ್ಲೆಯ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ನಾಲ್ಕೂ ಚಿಕ್ಕಬಳ್ಳಾಪುರ ಲೋಕಸಭೆಯಲ್ಲಿವೆ. ಆ ಹೆಸರಿನ ಲೋಕಸಭೆಯಲ್ಲಿ ಆ ಜಿಲ್ಲೆಯ ಒಂದು ಕ್ಷೇತ್ರವೂ ಇಲ್ಲ. ಕುಣಿಗಲ್, ಆನೇಕಲ್, ಮಾಗಡಿ, ಕನಕಪುರ, ಚನ್ನಪಟ್ಟಣ, ರಾಜರಾಜೇಶ್ವರಿ ನಗರ ಇವೆ. ಗೆರೆ ಎಳೆಯುವಾಗ ಹೆಸರು ಸರಿಯಾಗಿಯೇ ಇತ್ತು. 2007ರಲ್ಲಿ ರಾಮನಗರ ಬೇರೆ ಜಿಲ್ಲೆಯಾಗಿ ಕಾಲ ಕೆಳಗಿನ ನೆಲ ಸರಿಯಿತು. ಜಿಲ್ಲೆಯ ಹೆಸರನ್ನೋ ದಿಕ್ಕನ್ನೋ ಕ್ಷೇತ್ರಕ್ಕೆ ಇಟ್ಟರೆ ಈ ಅಪಾಯ ಇದ್ದದ್ದೇ. ಮಂಗಳೂರಿನಲ್ಲಿ ಇನ್ನೊಂದು ಬಗೆ: ಹಳೆಯ ಉಳ್ಳಾಲ ಕ್ಷೇತ್ರಕ್ಕೆ ‘ಮಂಗಳೂರು’ ಎಂದು ಹೆಸರಾಯಿತು, ಮಂಗಳೂರು ಪೇಟೆಯವರು ‘ಮಂಗಳೂರು ನಗರ ದಕ್ಷಿಣ’ದವರಾದರು. ಜನ ಈಗಲೂ ಉಳ್ಳಾಲ ಎಂದೇ ಕರೆಯುತ್ತಾರೆ. ಪಾಂಡವಪುರ ಮೇಲುಕೋಟೆಯಾದದ್ದಕ್ಕೆ ಇಂಥ ಗೊಂದಲವಿಲ್ಲ. ಆ ಹೆಸರಿನ ಪ್ರಸಿದ್ಧ ಊರು ಒಂದೇ, ಅದು ಕ್ಷೇತ್ರದ ಒಳಗೇ ಇದೆ.

ವಾರ್ಡಿಗೂ ಅದೇ ಸೂತ್ರ ಸಾಕು: ಒಳಗಿರುವ, ಜನ ಬಾಯಲ್ಲಿ ಆಡುವ, ಬೇರೆಲ್ಲೂ ಇಲ್ಲದ ಸ್ಥಳದ ಹೆಸರು. 2022ರ 243 ವಾರ್ಡುಗಳ ಪಟ್ಟಿಯಲ್ಲಿ ರಣಧೀರ ಕಂಠೀರವ, ವೀರ ಮದಕರಿಯಂಥ ಹೆಸರುಗಳಿದ್ದವು. ಗೌರವದ ಹೆಸರುಗಳೇ, ಆದರೆ ಆ ವಾರ್ಡು ಯಶವಂತಪುರದ ಕಡೆಯೋ ಬೇಗೂರಿನ ಕಡೆಯೋ ಎಂದು ಹೆಸರಿನಿಂದ ತಿಳಿಯುವುದಿಲ್ಲ. ವೃತ್ತಕ್ಕೆ, ಉದ್ಯಾನಕ್ಕೆ ಇಡಲಿ. ಎರಡು ಹಳೆಯ ಊರು ಸೇರಿದ ವಾರ್ಡಾದರೆ ಎರಡನ್ನೂ ಇಡಬಹುದು. ಮೂರಾದರೆ ಬೇಡ, ಮತಪತ್ರದ ಮೇಲೆ ಹಿಡಿಸುವುದಿಲ್ಲ.

ತಿದ್ದುವ ಅವಕಾಶ ಕರಡಿನ ಹಂತದಲ್ಲಿ ಮಾತ್ರ. ಮರುವಿಂಗಡಣೆ ಆಯೋಗದ ಅಂತಿಮ ಆದೇಶಕ್ಕೆ ಕಾನೂನಿನ ಬಲ. ಸದನದ ಮುಂದೆ ಇಡುತ್ತಾರೆ, ಆದರೆ ಸದನವೂ ತಿದ್ದುವಂತಿಲ್ಲ. ತೀರಾ ಮನಬಂದಂತೆ ಮಾಡಿದ್ದರೆ ನ್ಯಾಯಾಲಯ ನೋಡಬಹುದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ, ಆದರೆ ಆ ಬಾಗಿಲು ಬಹಳ ಕಿರಿದು. ಹೆಸರಿಗೂ ಇದೇ ಗತಿ: 2014ರ ನವೆಂಬರ್ 1ರಂದು ಊರುಗಳ ಇಂಗ್ಲಿಷ್ ಹೆಸರು ಬದಲಾಗಿದ್ದರೂ 2024ರ ಫಲಿತಾಂಶದ ಪಟ್ಟಿಯಲ್ಲಿ ಗುಲ್ಬರ್ಗಾ, ಬಿಜಾಪುರವೇ ಇದ್ದವು. ಆಯೋಗದಲ್ಲಿ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿ ಕೂರುತ್ತಾರೆ. ಅವರಿಗೆ ಮತ ಇಲ್ಲ, ಆದರೆ ಅವರ ಭಿನ್ನ ಪ್ರಸ್ತಾವ ಕರಡಿನ ಜೊತೆಗೇ ಪ್ರಕಟವಾಗಬೇಕು. ನಿಮ್ಮ ಲೆಕ್ಕ ಕರಡಿಗೆ ಮುಂಚೆ ಅವರ ಕೈ ಸೇರಿದರೆ ಅರ್ಧ ಕೆಲಸ ಮುಗಿದ ಹಾಗೆ.

ವಾರ್ಡಿನ ಕರಡಿಗೆ ಆಕ್ಷೇಪಣೆ ಸಲ್ಲಿಸಲು ಬೆಂಗಳೂರಿನಲ್ಲಿ ಕೊಟ್ಟದ್ದು ಹದಿನೈದು ದಿನ. ಕರಡು ಬಂದ ಮೇಲೆ ಬ್ಲಾಕಿನ ಪಟ್ಟಿ ಹುಡುಕಲು ಹೊರಟರೆ ಅಷ್ಟರಲ್ಲೇ ದಿನ ಮುಗಿಯುತ್ತದೆ. ಗಣತಿಯ ನಜರಿ ನಕ್ಷೆ ಕೈಯಲ್ಲಿ ಬಿಡಿಸಿದ್ದು. ಅದರಲ್ಲಿ ಗುರುತು ಹಾಕಿದ ಅರಳಿಮರ ಇವತ್ತು ಅಪಾರ್ಟ್‌ಮೆಂಟಿನ ಗೇಟು ಆಗಿರಬಹುದು. ನಡೆದು ನೋಡಿ ಹೊಂದಿಸಲು ಇಬ್ಬರಿಗೆ ಎರಡು ಭಾನುವಾರ ಬೇಕು. ಅರ್ಜಿ ಎರಡು ಪುಟ ಮೀರದಿರಲಿ: ಬ್ಲಾಕ್ ಸಂಖ್ಯೆಗಳು, ಮೊದಲಿನ ಮತ್ತು ನಂತರದ ಜನಸಂಖ್ಯೆ, ಉತ್ತರದಿಂದ ಪ್ರದಕ್ಷಿಣವಾಗಿ ಹೊಸ ಚಕ್ಕುಬಂದಿ, ಒಂದು ನಕ್ಷೆ, ಸೂಚಿಸುವ ಹೆಸರು. ಒಂದೇ ಒಕ್ಕಣೆಯ ಸಾವಿರ ಪ್ರತಿಗಳನ್ನು ಕಚೇರಿಯವರು ಒಂದೇ ಆಕ್ಷೇಪಣೆ ಎಂದು ಕಟ್ಟು ಹಾಕಿ ಇಡಬಹುದು; ಅದರ ಬದಲು ಎರಡೂ ವಾರ್ಡಿನವರು ಸಹಿ ಮಾಡಿದ ಒಂದೇ ಅರ್ಜಿಗೆ ಬೆಲೆ ಹೆಚ್ಚು. ನಕಲಿನ ಮೇಲೆ ಮೊಹರು, ತಾರೀಖು, ಕ್ರಮಸಂಖ್ಯೆ ಹಾಕಿಸಿಕೊಂಡೇ ಕೌಂಟರ್ ಬಿಡಿ.