ಹಿಂದಿನ ಖೋಲಿಗೆ ನೆಟ್ ಬರವಲ್ದು

ನಮ್ಮ ಮನೆಯಲ್ಲಿ ವೈಫೈ ಎಲ್ಲಿಗೆ ಮುಗಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಅಡುಗೆಮನೆಯ ಹೊಸ್ತಿಲಿಗೆ. ಅದನ್ನು ದಾಟಿದರೆ ವಿಡಿಯೊ ಗರಗರ ಸುತ್ತುತ್ತಾ ಕೂರುತ್ತಿತ್ತು.

ಕಲಬುರಗಿಯ ಹಳೆ ಓಣಿಯ ಮನೆ. ಮುಂದೆ ಪಡಸಾಲೆ, ಆಮೇಲೆ ದೇವರ ಖೋಲಿ, ಅಡುಗೆಮನೆ, ಕೊನೆಗೆ ಅವ್ವನ ಖೋಲಿ. ಗೋಡೆಗಳೆಲ್ಲ ಶಹಾಬಾದ್ ಕಲ್ಲಿನವು. ಒಂದೂವರೆ ಅಡಿ ದಪ್ಪ, ಕಲ್ಲಿನ ನಡುವೆ ಮಣ್ಣು. ಹಿತ್ತಲ ಕಡೆ ಆಮೇಲೆ ಕಟ್ಟಿಸಿದ ಆರ್‌ಸಿಸಿ ಭಾಗ, ಅದರ ಮೇಲೊಂದು ಖೋಲಿ. ಅಲ್ಲಿ ಕೂತು ಅಣ್ಣನ ಮಗಳು ಬೆಂಗಳೂರಿನ ಕಂಪನಿಯ ಕೆಲಸ ಮಾಡುತ್ತಾಳೆ. ಫೈಬರ್ ಹಾಕಲು ಬಂದ ಹುಡುಗ ವೈರು ಎಲ್ಲಿ ಒಳಗೆ ಬಂತೋ ಅಲ್ಲೇ, ತಲೆಬಾಗಿಲ ಪಕ್ಕ, ಕರೆಂಟ್ ಮೀಟರಿನ ಕೆಳಗೆ ಡಬ್ಬಿ ಬಡಿದು ಹೋಗಿದ್ದ. ಹೆಚ್ಚಿನ ಮನೆಗಳ ಕಥೆ ಇದೇ ಅಲ್ವಾ?

"ಕಾಕಾ, ಮೀಟಿಂಗ್‌ನಾಗ ನನ್ನ ದನಿ ಕಡಿದು ಕಡಿದು ಹೋಗ್ಲಿಕತ್ತದ ಅಂತ," ಎಂದು ಅವಳು ದಿನಾ ಹೇಳುತ್ತಿದ್ದಳು. ನಾನು ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಗೆ ಹೋದೆ. ಆರು ಕೋಲಿನ, ಜೇಡದಂಥ ಒಂದು ರೌಟರ್ ತಂದೆ. "ಇದು ಭಾರಿ ಪವರ್‌ಫುಲ್ ಅದ ರೀ" ಎಂದಿದ್ದರು. ಹಚ್ಚಿದ ಮೇಲೆ ಮೇಲಿನ ಖೋಲಿಯಲ್ಲಿ ಅವಳ ಫೋನಿನಲ್ಲಿ ಕಡ್ಡಿಗಳು ಜಾಸ್ತಿಯಾದವು. ಅವಳ ದನಿ ಮಾತ್ರ ಮೊದಲಿನ ಹಾಗೆಯೇ ಕಡಿಯುತ್ತಿತ್ತು.

ಇಲ್ಲಿ ನನಗೊಂದು ವಿಷಯ ತಲೆಗೆ ಹೋಯಿತು. ನಾವು ವೈಫೈಯನ್ನು ನಲ್ಲಿ ನೀರಿನ ಹಾಗೆ ನೋಡುತ್ತೇವೆ. ಒತ್ತಡ ಜಾಸ್ತಿ ಮಾಡಿದರೆ ಕೊನೆ ಮನೆಗೂ ನೀರು ಬರುತ್ತದೆ ಎಂಬ ಲೆಕ್ಕ. ಆದರೆ ವೈಫೈ ನೀರಲ್ಲ, ಮಾತುಕತೆ. ರೌಟರ್ ಹೇಳಿದ್ದು ಫೋನಿಗೆ ಕೇಳಬೇಕು, ಫೋನ್ ಹೇಳಿದ್ದು ರೌಟರಿಗೂ ಕೇಳಬೇಕು. ಫೋನಿನ ಬ್ಯಾಟರಿ ಸಣ್ಣದು, ಆಂಟೆನಾ ಸಣ್ಣದು. ಅದರ ದನಿ ರೌಟರಿನ ದನಿಗಿಂತ ಮೆತ್ತಗೆ. ಕಡ್ಡಿಗಳು ತೋರಿಸುವುದು ರೌಟರಿನ ಕೂಗು ಫೋನಿಗೆ ಎಷ್ಟು ಕೇಳುತ್ತಿದೆ ಎಂಬುದನ್ನು ಮಾತ್ರ. ಫೋನಿನ ಪಿಸುಮಾತು ನಾಲ್ಕು ಗೋಡೆ ದಾಟಿ ಬಾಗಿಲ ತನಕ ಹೋಯಿತೋ ಇಲ್ಲವೋ ಎಂದು ಅವು ಹೇಳುವುದಿಲ್ಲ. ದೂರದಲ್ಲಿರುವ ರೌಟರ್ ಎಷ್ಟು ಜೋರಾಗಿ ಕೂಗಿದರೂ ಫೋನಿನ ದನಿಯೇನೂ ದೊಡ್ಡದಾಗುವುದಿಲ್ಲ.

ಕಡ್ಡಿ ಬಿಟ್ಟು ಅಳತೆ ನೋಡಿ. ಸಿಗ್ನಲ್ ಅಳೆಯುವ ಪುಕ್ಕಟೆ ಆ್ಯಪ್‌ಗಳು ಆಂಡ್ರಾಯ್ಡ್ ಫೋನಿಗೆ ಬೇಕಾದಷ್ಟಿವೆ. ಅವು ಮೈನಸ್ ಅಂಕಿ ತೋರಿಸುತ್ತವೆ. ಅದರ ಹೆಸರು ಡಿಬಿಎಂ. ರೌಟರಿನ ಪಕ್ಕ −35, −40 ಇರುತ್ತದೆ. −67ರ ತನಕ ವಿಡಿಯೊ ಕರೆ ಚೆನ್ನಾಗಿ ನಡೆಯುತ್ತದೆ. −80ಕ್ಕೆ ಹೋದರೆ ಹೆಸರಿಗೆ ಮಾತ್ರ ನೆಟ್. ಲೆಕ್ಕ ಸುಲಭ: 3 ಇಳಿದರೆ ಶಕ್ತಿ ಅರ್ಧ, 10 ಇಳಿದರೆ ಹತ್ತರಲ್ಲಿ ಒಂದು ಪಾಲು. ರೌಟರ್ 100 ಮಿಲಿವ್ಯಾಟ್ ಹೊರಗೆ ಬಿಟ್ಟಿತು ಅಂದುಕೊಳ್ಳಿ. −67 ಅಂದರೆ ಅದರ 50 ಕೋಟಿಯಲ್ಲಿ ಒಂದು ಪಾಲು ಮಾತ್ರ ಫೋನಿಗೆ ಸಿಕ್ಕಿದೆ. ಅಷ್ಟರಲ್ಲೇ ಅದು ಮುಖ ತೋರಿಸಿ ಮಾತಾಡಿಸುತ್ತದೆ! ನನಗಂತೂ ಇದು ಪವಾಡಕ್ಕಿಂತ ಕಡಿಮೆ ಅನಿಸಿಲ್ಲ.

ನಾನು ಫೋನ್ ಹಿಡಿದು ಮನೆಯೆಲ್ಲ ಸುತ್ತಿ, ಹಳೆ ಕ್ಯಾಲೆಂಡರಿನ ಹಿಂದೆ ಮನೆಯ ನಕ್ಷೆ ಬರೆದು ಅಂಕಿ ತುಂಬಿದೆ. ಪಡಸಾಲೆ −41. ಅಡುಗೆಮನೆ −66. ಅವ್ವನ ಖೋಲಿ −82. ಮೇಲಿನ ಖೋಲಿ −78.

ದೂರವೇ ಮೊದಲು ಒಂದಿಷ್ಟು ತಿನ್ನುತ್ತದೆ. ಬಯಲಲ್ಲಿ ದೂರ ಎರಡು ಪಟ್ಟಾದರೆ ಶಕ್ತಿ ಕಾಲುಭಾಗಕ್ಕೆ ಬೀಳುತ್ತದೆ. ಉಳಿದದ್ದನ್ನು ಗೋಡೆ ತಿನ್ನುತ್ತದೆ. ವೈಫೈಗೆ ಮುಖ್ಯವಾಗಿ ಎರಡು ಪಟ್ಟಿಗಳಿವೆ (ಬ್ಯಾಂಡ್ ಅಂತಾರೆ), 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದರ ಅಲೆ ಸುಮಾರು 12 ಸೆಂಟಿಮೀಟರ್ ಉದ್ದ. ಎರಡನೆಯದರದ್ದು 5ರಿಂದ 6 ಸೆಂಟಿಮೀಟರ್. ಗಿಡ್ಡ ಅಲೆ ಜಾಸ್ತಿ ಮಾಹಿತಿ ಹೊರುತ್ತದೆ, ಆದರೆ ಕಲ್ಲು ಕಾಂಕ್ರೀಟಿನಲ್ಲಿ ಬೇಗ ಸೋಲುತ್ತದೆ. ಅದಕ್ಕೇ ಪಡಸಾಲೆಯಲ್ಲಿ 5 ಹಾರಾಡುತ್ತದೆ, ಹಿಂದಿನ ಖೋಲಿಯಲ್ಲಿ 2.4 ಮಾತ್ರ ಕುಂಟುತ್ತಾ ಬರುತ್ತದೆ. ಮಣ್ಣು ತುಂಬಿದ ಗೋಡೆ ಮಳೆಗಾಲದಲ್ಲಿ ತೇವ ಹಿಡಿದರೆ ಇನ್ನೂ ಕಷ್ಟ. ಈ ಅಲೆಗಳನ್ನು ನೀರು ಚೆನ್ನಾಗಿ ಹೀರುತ್ತದೆ. ಮೈಕ್ರೋವೇವ್ ಒಲೆ ಅನ್ನ ಬಿಸಿ ಮಾಡುವುದೂ 2.45 ಗಿಗಾಹರ್ಟ್ಸ್ ಅಲೆಯಿಂದಲೇ.

ದಪ್ಪ ಗೋಡೆಯ ಮನೆಯಲ್ಲಿ ಇನ್ನೊಂದು ಮಜಾ ಇದೆ. ಸಿಗ್ನಲ್ ಗೋಡೆ ತೂರುವುದಕ್ಕಿಂತ ಜಾಸ್ತಿ ಬಾಗಿಲಿನಿಂದ ನುಗ್ಗುತ್ತದೆ, ನೆಲಕ್ಕೆ ಗೋಡೆಗೆ ತಾಗಿ ಪುಟಿಯುತ್ತಾ ಹೋಗುತ್ತದೆ. ನನಗೆ ಇದು ಗೊತ್ತಾಗಿದ್ದು ಬೇಸಿಗೆಯಲ್ಲಿ. ಬಿಸಿಲು 42 ದಾಟಿದಾಗ ಕೂಲರನ್ನು ನಡುಬಾಗಿಲಲ್ಲಿ ಇಟ್ಟೆವು. ಅಡುಗೆಮನೆಗೆ ಬರುತ್ತಿದ್ದ ನೆಟ್ಟೂ ಹೋಯಿತು. ಯೋಚಿಸಿ ನೋಡಿ: ಕೂಲರ್ ಅಂದರೆ ತಗಡಿನ ಪೆಟ್ಟಿಗೆ, ಒಳಗೆ ತುಂಬ ನೀರು. ತಗಡು ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಹೀರುತ್ತದೆ. ವೈಫೈ ನಿಲ್ಲಿಸಲೆಂದೇ ಒಂದು ಯಂತ್ರ ಮಾಡಿ ಅಂದರೂ ಇದಕ್ಕಿಂತ ಚೆನ್ನಾಗಿ ಮಾಡಲು ಆಗಲಿಕ್ಕಿಲ್ಲ. ಕಬ್ಬಿಣದ ಅಲಮಾರಿ, ದೊಡ್ಡ ಕನ್ನಡಿ, ಫ್ರಿಜ್ಜು ಇವೂ ಅದೇ ಜಾತಿ.

ಹೀಗೆ ಪುಟಿಯುವುದರಿಂದ ತೊಂದರೆಯೂ ಇದೆ. ಶಾಲೆಯ ಟ್ರಿಪ್ಪಿನಲ್ಲಿ ಗೋಳಗುಮ್ಮಟಕ್ಕೆ ಹೋದವರಿಗೆ ಗೊತ್ತು. ಅಲ್ಲಿ ಬಡಬಡ ಮಾತಾಡಿದರೆ ಹಿಂದಿನ ಮಾತಿನ ಪ್ರತಿಧ್ವನಿ ಮುಂದಿನ ಮಾತಿನ ಮೇಲೆ ಬಿದ್ದು ಎಲ್ಲ ಕಲಸುಮೇಲೋಗರ. ಮನೆಯೊಳಗಿನ ರೇಡಿಯೊ ಅಲೆಗೂ ಇದೇ ಗತಿ. ಒಂದೇ ಸಂದೇಶ ಹತ್ತು ದಾರಿಯಿಂದ ಹತ್ತು ಕ್ಷಣಕ್ಕೆ ಬಂದು ತಲುಪುತ್ತದೆ. ಇದನ್ನು ಬಿಡಿಸಿದ ಕಥೆಯಲ್ಲಿ ಆಸ್ಟ್ರೇಲಿಯದ ಎಂಜಿನಿಯರ್ ಜಾನ್ ಒ'ಸಲಿವನ್ ಬರುತ್ತಾರೆ. ಅವರು 1970ರ ದಶಕದಲ್ಲಿ ಹುಡುಕುತ್ತಿದ್ದದ್ದು ಪುಟ್ಟ ಕಪ್ಪುಕುಳಿಗಳು ಸಿಡಿಯುವಾಗ ಹೊರಡಬಹುದಾದ ರೇಡಿಯೊ ಮಿಡಿತಗಳನ್ನು. ಸ್ಟೀಫನ್ ಹಾಕಿಂಗ್ ಹೇಳಿದ್ದ ವಿಚಾರ ಅದು. ಮಿಡಿತ ಸಿಗಲಿಲ್ಲ. ಆದರೆ ಮಸುಕಾದ ಸಿಗ್ನಲ್ ತಿದ್ದಲು ಕಲಿತ ಗಣಿತ ಕೈಯಲ್ಲಿ ಉಳಿಯಿತು. 1990ರ ದಶಕದಲ್ಲಿ ಅವರೂ ಸಿಎಸ್‌ಐಆರ್‌ಒ ಎಂಬ ಆಸ್ಟ್ರೇಲಿಯದ ಸರ್ಕಾರಿ ವಿಜ್ಞಾನ ಸಂಸ್ಥೆಯ ಗೆಳೆಯರೂ ಅದನ್ನು ಮನೆಯೊಳಗಿನ ಪ್ರತಿಧ್ವನಿಗೆ ಹಚ್ಚಿದರು. 1996ರಲ್ಲಿ ಅಮೆರಿಕದ ಪೇಟೆಂಟ್ ಬಂತು.

ಉಪಾಯ ಇಷ್ಟೇ. ಒಬ್ಬನೇ ಗಡಿಬಿಡಿಯಲ್ಲಿ ಮಾತಾಡುವ ಬದಲು ಹತ್ತಾರು ಜನ ಬೇರೆ ಬೇರೆ ಶ್ರುತಿಯಲ್ಲಿ ಒಟ್ಟಿಗೆ, ನಿಧಾನವಾಗಿ ಹೇಳುವುದು. ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ಚೂರು ಬಿಡುವು. 1999ರ ವೈಫೈ ನಿಯಮದಲ್ಲಿ ಆ ಬಿಡುವು ಸೆಕೆಂಡಿನ ಹತ್ತು ಲಕ್ಷದಲ್ಲಿ 0.8 ಪಾಲು. ಅಷ್ಟರಲ್ಲಿ ಬೆಳಕು 240 ಮೀಟರ್ ಓಡುತ್ತದೆ. ನಮ್ಮ ಮನೆ ಅಷ್ಟು ದೊಡ್ಡದಿಲ್ಲ. ಹೀಗಾಗಿ ಪ್ರತಿಧ್ವನಿಯೆಲ್ಲ ಆ ಬಿಡುವಿನಲ್ಲೇ ಅಡಗಿಹೋಗುತ್ತದೆ.

ಇನ್ನು ಏನು ತಗೋಬೇಕು ಎಂಬ ಮಾತು. ಮೊದಲು ಏನೂ ತಗೋಬೇಡಿ. ಇರುವ ರೌಟರನ್ನು ಮೂಲೆಯಿಂದ ಬಿಡಿಸಿ ಮನೆಯ ನಡುವೆ, ಎದೆಯೆತ್ತರಕ್ಕಿಂತ ಮೇಲೆ, ಬಾಗಿಲುಗಳ ಸಾಲಿಗೆ ಬರುವ ಹಾಗೆ ಇಡಿ. ಕೋಲುಗಳನ್ನು ಬಂದೂಕಿನ ಹಾಗೆ ಖೋಲಿಯ ಕಡೆ ಗುರಿ ಇಡುವವರಿದ್ದಾರೆ. ಕೋಲಿನ ತುದಿಯಿಂದಲೇ ಎಲ್ಲಕ್ಕಿಂತ ಕಡಿಮೆ ಹೊರಡುತ್ತದೆ. ಅಲೆ ಹೊರಡುವುದು ಕೋಲಿನ ಸುತ್ತ, ತಲೆಯ ಮೇಲಿನ ಸಿಂಬಿಯ ಆಕಾರದಲ್ಲಿ. ಕೆಳಗಿನ ಖೋಲಿಗಳಿಗೆ ನೆಟ್ಟಗೆ ನಿಲ್ಲಿಸಿ, ಮಹಡಿಗೂ ಬೇಕಿದ್ದರೆ ಒಂದನ್ನು ಮಲಗಿಸಿ. ಡಬ್ಬದ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ. 1200 ಎಂದು ಬರೆದದ್ದು ಬಹಳ ಸಲ ಎರಡು ಪಟ್ಟಿಗಳ ವೇಗ, 300 ಮತ್ತು 867, ಕೂಡಿಸಿ ದುಂಡಗೆ ಮಾಡಿದ್ದು. ವೈಫೈ 6 ಒಳ್ಳೆಯದೇ, ಹತ್ತಿಪ್ಪತ್ತು ಸಾಧನಗಳನ್ನು ಒಟ್ಟಿಗೆ ಸಂಭಾಳಿಸುತ್ತದೆ. ಗೋಡೆಯ ಮುಂದೆ ಮಾತ್ರ ಅದೂ ನಮ್ಮ ಹಾಗೆಯೇ.

ನಾನು ಮಾಡಿದ ಎರಡನೇ ತಪ್ಪು ರಿಪೀಟರ್, ಅಂದರೆ ಬಂದ ಸಿಗ್ನಲ್ ಹಿಡಿದು ಮತ್ತೆ ಹೊರಗೆ ಬಿಡುವ ಡಬ್ಬಿ. ಅದನ್ನು ತಂದು ಅವ್ವನ ಖೋಲಿಯಲ್ಲೇ ಸಿಕ್ಕಿಸಿದೆ. ಫೋನಿನಲ್ಲಿ ಕಡ್ಡಿ ತುಂಬಿದವು, ನೆಟ್ ಇಲ್ಲ. ಅರ್ಧಂಬರ್ಧ ಕೇಳಿಸಿಕೊಂಡವನು ಎಷ್ಟು ಜೋರಾಗಿ ತಿರುಗಿ ಹೇಳಿದರೂ ಹೇಳುವುದು ಅರ್ಧಂಬರ್ಧವೇ. ಇಡಬೇಕಾದದ್ದು ಸಿಗ್ನಲ್ ಇನ್ನೂ −60ರ ಆಸುಪಾಸು ಇರುವ ಜಾಗದಲ್ಲಿ. ಅಲ್ಲಿಟ್ಟರೂ ಸಾದಾ ರಿಪೀಟರ್ ಒಂದೇ ಬಾಯಿಯಿಂದ ಕೇಳಿ, ಅದೇ ಬಾಯಿಯಿಂದ ಹೇಳಬೇಕು. ವೇಗ ಅರ್ಧವಾಗುತ್ತದೆ. ಮೆಶ್ ಎಂದು ಮಾರುವ ಜೋಡಿ ಡಬ್ಬಿಗಳು ಇದಕ್ಕಿಂತ ಜಾಣ. ಮೂರು ಪಟ್ಟಿಯವಾದರೆ ತಮ್ಮತಮ್ಮೊಳಗಿನ ಮಾತಿಗೆ ಒಂದನ್ನು ಬೇರೆ ಇಟ್ಟುಕೊಳ್ಳಬಲ್ಲವು. ಹೊಸ ಫ್ಲ್ಯಾಟಿನ ಸಣ್ಣ ಇಟ್ಟಿಗೆ ಗೋಡೆಗೆ ಅವು ಸಾಕು. ಕಲ್ಲಿನ ಮನೆಗೆ ನನ್ನ ಮತ ವೈರಿಗೆ.

ಹೌದು, ವೈರು. ವೈರ್‌ಲೆಸ್ ಚೆನ್ನಾಗಿ ಬರಬೇಕಾದರೆ ವೈರು ಎಳೆಯಬೇಕು. ಮುಂದಿನ ರೌಟರಿನಿಂದ ಹಿತ್ತಲಿಗೆ ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ಎಳೆದು, ಅಲ್ಲೊಂದು ಹಳೆ ರೌಟರನ್ನು ಆಕ್ಸೆಸ್ ಪಾಯಿಂಟ್ (ವೈರಿನಲ್ಲಿ ಬಂದ ನೆಟ್ಟನ್ನು ವೈಫೈ ಮಾಡಿ ಬಿಡುವ ಡಬ್ಬಿ) ಮಾಡಿ ಹಚ್ಚಿದರೆ ಗೋಡೆಯ ಜಗಳವೇ ಇಲ್ಲ. ಈ ಕೇಬಲ್ 100 ಮೀಟರ್ ತನಕ ನಿಯತ್ತಾಗಿ ದುಡಿಯುತ್ತದೆ. ಕೊಳ್ಳುವಾಗ ತುದಿಯ ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ, ವಾಪಸ್ ಕೊಡಿ. ಕರೆಂಟ್ ವೈರಿನ ಪೈಪಿನಲ್ಲೇ ಇದನ್ನೂ ತೂರಿಸಬೇಡಿ. ಬಿಸಿಲಿಗೆ ಬೀಳುವ ಕಡೆ ಬೇರೆ ಪೈಪ್ ಹಾಕಿಸಿ, ಇಲ್ಲದಿದ್ದರೆ ಹೊರಗಿನ ಸಿಪ್ಪೆ ಬಿರಿಯುತ್ತದೆ. ಎರಡೂ ಕಡೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಡಿ. 2.4ರಲ್ಲಿ ಚಾನಲ್ 1, 6, 11 ಒಂದರ ಮೇಲೊಂದು ಬೀಳುವುದಿಲ್ಲ, ಒಂದೊಂದಕ್ಕೆ ಒಂದೊಂದು ಕೊಡಿ.

ಯಾವ ಡಬ್ಬಿಗೆ ಅಂಟಿಕೊಳ್ಳಬೇಕು ಎಂದು ತೀರ್ಮಾನಿಸುವುದು ಫೋನು. ಐಫೋನು ಸಿಗ್ನಲ್ −70ಕ್ಕೆ ಇಳಿಯುವ ತನಕ ಬೇರೆಯದನ್ನು ಹುಡುಕುವುದೇ ಇಲ್ಲ. ಹೀಗಾಗಿ ಅಡುಗೆಮನೆ ತನಕ ಬಂದರೂ ಒಮ್ಮೊಮ್ಮೆ ಮುಂದಿನದನ್ನೇ ಹಿಡಿದು ನೇತಾಡುತ್ತದೆ. ವೈಫೈ ಒಮ್ಮೆ ಆರಿಸಿ ಹಚ್ಚಿದರೆ ಬುದ್ಧಿ ಬರುತ್ತದೆ.

ಸೆಕೆಗೆ ಒಂದು ಮಾತು. ಮನೆಬಳಕೆಯ ರೌಟರ್‌ಗಳನ್ನು ಸಾಮಾನ್ಯವಾಗಿ 40 ಡಿಗ್ರಿ ತನಕದ ಗಾಳಿಗೆ ಮಾಡಿರುತ್ತಾರೆ. ನಮ್ಮ ಮೇ ತಿಂಗಳಿಗೆ ಇದು ಯಾವ ಲೆಕ್ಕ! ಕಾದ ಸ್ಲ್ಯಾಬಿನ ಕೆಳಗಿನ ಅಟ್ಟದಲ್ಲಿ, ಮುಚ್ಚಿದ ಕಪಾಟಿನಲ್ಲಿ ಇಟ್ಟು ಮಧ್ಯಾಹ್ನ ನೆಟ್ ಹೋಯಿತೆಂದು ಬೈದರೆ ಏನು ಬಂತು? ಕರೆಂಟ್ ಹೋದಾಗ ನಡೆಯಬೇಕಿದ್ದರೆ ಫೈಬರ್ ಡಬ್ಬಿ, ಎರಡೂ ರೌಟರ್ ಮೂರನ್ನೂ ಇನ್ವರ್ಟರಿಗೆ ಕೊಡಿ. ಒಂದು ಬಿಟ್ಟರೂ ಸಾಲು ಕಡಿಯುತ್ತದೆ.

ನಮ್ಮಲ್ಲಿ 22 ಮೀಟರ್ ಕೇಬಲ್ ಹಿಡಿಯಿತು. ಹಳೆ ಡಿಶ್ ವೈರಿನ ತೂತು ಇತ್ತು, ಕಲ್ಲು ಕೊರೆಯುವುದು ತಪ್ಪಿತು. ಈಗ ಅವ್ವನ ಖೋಲಿ −52, ಮೇಲಿನ ಖೋಲಿ −60. ಆರು ಕೋಲಿನ ಜೇಡ ಹಿತ್ತಲಿಗೆ ಹೋಗಿದೆ, ಅಲ್ಲಿ ಚೆನ್ನಾಗಿಯೇ ದುಡಿಯುತ್ತಿದೆ. ಬರುವ ಬೇಸಿಗೆಗೆ ಕೂಲರ್ ಎಲ್ಲಿ ಇಡಬೇಕು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಅವ್ವ ನಡುಬಾಗಿಲು ಬಿಟ್ಟುಕೊಡಲು ತಯಾರಿಲ್ಲ.