ಹವಾಯಿಯ ‘ಟ್ರೇಡ್ ಡಾಲರ್’ ನಿಜವಾದ ದುಡ್ಡೇ?

ಪ್ರಶ್ನೆ: ಮಾವಿ ದ್ವೀಪಕ್ಕೆ ಹೋಗಿದ್ದ ಅಕ್ಕ ಒಂದು ‘ಮಾವಿ ಟ್ರೇಡ್ ಡಾಲರ್’ ತಂದುಕೊಟ್ಟಿದ್ದಾರೆ. ಇದು ಹವಾಯಿ ರಾಜರ ಕಾಲದ ನಾಣ್ಯವೇ? ಇಂಥವನ್ನು ಸಂಗ್ರಹಿಸಬಹುದೇ?

ಉತ್ತರ: ರಾಜರ ಕಾಲದ್ದಲ್ಲ. ಆದರೂ ಖಂಡಿತ ಸಂಗ್ರಹಿಸಿ. ಇದು ಸರ್ಕಾರದ ನಾಣ್ಯವಲ್ಲ, ಟೋಕನ್. ಊರಿನ ವ್ಯಾಪಾರಿಗಳು ತಮ್ಮೊಳಗೇ ಒಪ್ಪಿಕೊಂಡು ಚಲಾಯಿಸುವಂಥದ್ದು. ಗೊತ್ತುಮಾಡಿದ ದಿನದವರೆಗೆ ಅಲ್ಲಿನ ಕೆಲವು ಅಂಗಡಿಗಳು ಅದನ್ನು ದುಡ್ಡಿನ ಹಾಗೇ ತಗೊಳ್ಳುತ್ತವೆ. ಆ ದಿನ ಕಳೆದರೆ ಅದು ನೆನಪಿನ ವಸ್ತು ಅಷ್ಟೆ.

ರಾಜರು ಮಾಡಿಸಿದ ನಾಣ್ಯಗಳು ಕಮ್ಮಿ. 1847ರಲ್ಲಿ ಮೂರನೇ ಕಮೆಹಮೆಹಾ ತಾಮ್ರದ ಸೆಂಟ್ ತರಿಸಿದ. ಅದರಲ್ಲಿ ರಾಜನ ಮುಖವೂ ಸರಿಬರಲಿಲ್ಲ, ಅಕ್ಷರವೂ ತಪ್ಪಾಗಿತ್ತು. ಆಮೇಲೆ ಬಂದದ್ದು ದೊರೆ ಕಲಾಕೌವಾನ 1883ರ ಬೆಳ್ಳಿ ನಾಣ್ಯಗಳು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಚ್ಚಾದ ಇವುಗಳಲ್ಲಿ ಡಾಲರ್, ಅರ್ಧ, ಕಾಲು ಡಾಲರ್ ಮತ್ತು ಹತ್ತು ಸೆಂಟ್ ಇದ್ದವು. 1898ರಲ್ಲಿ ಹವಾಯಿ ಅಮೆರಿಕಕ್ಕೆ ಸೇರಿದ ಮೇಲೆ ಇವನ್ನು ವಾಪಸ್ ಪಡೆದು, ಬಹುಪಾಲು ಕರಗಿಸಿಬಿಟ್ಟರು. ಉಳಿದವಕ್ಕೆ ಇವತ್ತು ಬೆಲೆ ಜಾಸ್ತಿ. ಹೊಸ ಪದಕ, ಟೋಕನ್‌ಗಳ ಮೇಲೆ ಹಳೇ ರಾಜರ ಮುಖ ಮತ್ತೆ ಮತ್ತೆ ಬರುವುದೂ ಈ ಆಕರ್ಷಣೆಯಿಂದಲೇ.

ಆದರೆ ನಿಮ್ಮ ಟೋಕನ್‌ನ ನಿಜವಾದ ಪೂರ್ವಜರು ಈ ರಾಜನಾಣ್ಯಗಳಲ್ಲ, ಮಾವಿಯ ಕಬ್ಬಿನ ತೋಟಗಳ ಬಿಲ್ಲೆಗಳು. ವೈಲುಕು, ಹಾಯ್ಕು, ಗ್ರೋವ್ ರ‍್ಯಾಂಚ್ ತೋಟಗಳು 1870-80ರ ದಶಕಗಳಲ್ಲಿ ತಮ್ಮದೇ ಬಿಲ್ಲೆ ಹೊರಡಿಸಿದವು. 1891ರಲ್ಲಿ ಕಹುಲುಯಿ ರೈಲು ಕಂಪನಿಯೂ ಹೊರಡಿಸಿತು. ಚಿಲ್ಲರೆ ಸಿಗದ ಊರಲ್ಲಿ ಕೂಲಿಯವರ ಕೈಗೆ ಬರುತ್ತಿದ್ದುದು ಇವೇ. ಇದೇ ದ್ವೀಪದ ವ್ಯಾಪಾರಿಗಳು ಇವತ್ತು ಮತ್ತೆ ಟೋಕನ್ ಹೊರಡಿಸುತ್ತಾರೆ ಅನ್ನೋದು ನನಗೆ ತುಂಬಾ ಇಷ್ಟವಾಗುವ ಸಂಗತಿ. ವ್ಯತ್ಯಾಸವೂ ದೊಡ್ಡದೇ. ಅಂದು ಕೂಲಿಯವರಿಗೆ ಬೇರೆ ದಾರಿ ಇರಲಿಲ್ಲ, ಇಂದು ಪ್ರವಾಸಿ ಖುಷಿಯಿಂದ ಕೊಳ್ಳುತ್ತಾನೆ.

ಹಾಗಾಗಿ ಕೊಳ್ಳುವಾಗ ರಾಜನ ಚಿತ್ರ ಚೆಂದ ಇದೆಯಾ ಅಂತಷ್ಟೇ ನೋಡಬೇಡಿ. ಯಾರು ಹೊರಡಿಸಿದರು, ಎಲ್ಲಿ ಚಲಾವಣೆ, ಎಂದಿನವರೆಗೆ ಅನ್ನೋದನ್ನು ಓದಿ. ಚಲಾವಣೆಗೇ ಬರದ, ಸುಮ್ನೆ ಮಾರಾಟಕ್ಕೆ ಮಾಡಿದ ಬಿಲ್ಲೆಗಳೂ ಬೇಕಾದಷ್ಟಿವೆ. ‘1883ರ ಅಸಲಿ ಡಾಲರ್’ ಅಂತ ಯಾರಾದರೂ ತೋರಿಸಿದರೆ ಮೊದಲು ತೂಕಕ್ಕಿಡಿ. ಅಸಲಿ 26.73 ಗ್ರಾಂ, ನೂರಕ್ಕೆ 90 ಭಾಗ ಬೆಳ್ಳಿ. ತೂಕ ಹೊಂದಿದರೂ ಗೊತ್ತಿರುವವರಿಗೆ ತೋರಿಸದೆ ದುಡ್ಡು ಕೊಡಬೇಡಿ. ಇನ್ನು ಅಕ್ಕ ತಂದಿದ್ದನ್ನು ಹುಣಸೆಹುಳಿ ಹಾಕಿ ಉಜ್ಜಬೇಡಿ. ಮೂಲ ಹೊಳಪು ಹೋದರೆ ಸಂಗ್ರಹಕಾರರು ಬೆಲೆ ಇಳಿಸುತ್ತಾರೆ.