ಮಾತು ಕಲಿಯಬೇಕಾ? ತಾಳಮದ್ದಳೆ ಕೇಳಿ

ಭಾಷಣ ಕಲಿಯಲು ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮಾತನ್ನು ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ. ನಡುವೆ ಒಂದು ವಾಕ್ಯ ಮರೆತರೆ ಮುಗಿಯಿತು, ಮುಂದಿನದೆಲ್ಲ ಮಾಯ. ಅವರಿಗೆ ನಾನು ಕೊಡುವ ಮೊದಲ ಪಾಠ, ಒಂದು ಒಳ್ಳೆಯ ತಾಳಮದ್ದಳೆ ಕೇಳಿ ಬನ್ನಿ ಅಂತ.

ಕರಾವಳಿ, ಮಲೆನಾಡು, ಕಾಸರಗೋಡಿನ ಕಡೆಯವರಿಗೆ ಇದು ಹೊಸದಲ್ಲ. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿ ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಪದ್ಯ ಮೊದಲೇ ಬರೆದಿಟ್ಟದ್ದು, ಮಾತು ಮಾತ್ರ ಆ ಹೊತ್ತಿಗೆ ಹುಟ್ಟಬೇಕು.

ವಾಲಿವಧೆಯನ್ನೇ ನೋಡಿ. ಬಾಣ ತಾಗಿ ಬಿದ್ದ ವಾಲಿ ಕೇಳುತ್ತಾನೆ: ನಿನಗೂ ನನಗೂ ಏನು ಹಗೆ? ಮರೆಯಲ್ಲಿ ನಿಂತು ಯಾಕೆ ಹೊಡೆದೆ? ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ತಪ್ಪನ್ನು ರಾಮ ಎತ್ತುತ್ತಾನೆ. ಕಥೆ ಕೇಳುಗರಿಗೆಲ್ಲ ಗೊತ್ತು. ಆದರೂ ಗಂಟೆಗಟ್ಟಲೆ ಕೂರುತ್ತಾರೆ. ಇವತ್ತಿನ ವಾಲಿ ಯಾವ ಪ್ರಶ್ನೆ ಹಾಕುತ್ತಾನೆ, ಇವತ್ತಿನ ರಾಮ ಏನು ಹೇಳುತ್ತಾನೆ ಎನ್ನುವ ಕುತೂಹಲ ಅದು. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿ, ರಾವಣರ ಅರ್ಥಕ್ಕೆ, ಅಂದರೆ ಆ ಪಾತ್ರಗಳಾಗಿ ಆಡುವ ಮಾತಿಗೆ, ಹೆಸರಾದವರು. ಸೋಲುವ ಪಾತ್ರದ ಕಡೆಗೂ ನ್ಯಾಯ ಇದೆ ಅಲ್ವಾ ಅಂತ ಜನ ಯೋಚಿಸುವಂತೆ ಮಾಡುವುದು ಸಣ್ಣ ಕೆಲಸವಲ್ಲ.

ನಾನು ಕಲಿಯಲು ಬಂದವರಿಗೆ ತೋರಿಸುವುದು ಇನ್ನೊಂದನ್ನು. ಎದುರಿನವರು ಮಾತಾಡುವಾಗ ನುರಿತ ಅರ್ಥಧಾರಿ ಮೈಯೆಲ್ಲ ಕಿವಿಯಾಗಿ ಕೂತಿರುತ್ತಾರೆ. ಅವರು ಹಾಕಿದ ಪ್ರಶ್ನೆ ಬೇರೆಯೇ ಆದರೆ, ತಾವು ಯೋಚಿಸಿಟ್ಟ ಉತ್ತರ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡುತ್ತಾರೆ. ಇದು ಬರುವುದೇ ಕಷ್ಟ. ಅದಕ್ಕೇ ತರಗತಿಯಲ್ಲಿ ಒಂದು ನಿಯಮ ಇಟ್ಟಿದ್ದೇನೆ: ಹಿಂದೆ ಮಾತಾಡಿದವರ ವಿಚಾರವನ್ನು ಒಂದೇ ವಾಕ್ಯದಲ್ಲಿ ಹೇಳಿ, ಅವರು ಹೌದು ಅಂದ ಮೇಲೆಯೇ ನಿಮ್ಮದು ಶುರು. ಚುರುಕಾಗಿ ಮಾತಾಡುವವರೂ ಇಲ್ಲಿ ತಡವರಿಸುತ್ತಾರೆ.

ಹಾಗಂತ ಸಿದ್ಧತೆ ಬೇಡ ಅಂತಲ್ಲ. ಅರ್ಥಧಾರಿಗೆ ಪದ್ಯಗಳು ಗೊತ್ತಿರಬೇಕು, ಪುರಾಣ ಗೊತ್ತಿರಬೇಕು, ಎದುರಾಳಿ ಹೂಡಬಹುದಾದ ವಾದವೂ ಗೊತ್ತಿರಬೇಕು. ಜೊತೆಗೆ ಮಾತನ್ನು ಮುಂದಿನ ಪದ್ಯಕ್ಕೆ ತಂದು ಮುಟ್ಟಿಸಬೇಕು, ಸುಮ್ನೆ ಅಲೆಯುವಂತಿಲ್ಲ. ನಮ್ಮ ಸಭೆಗಳಲ್ಲಿ ವೇದಿಕೆ ಮೇಲಿನವರ ಹೆಸರು ಹೇಳುವುದರಲ್ಲೇ ಅರ್ಧ ಹೊತ್ತು ಹೋಗುವಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಕೆಲಸ ಬಿಟ್ಟು ಬಂದು ಕೂತವರ ಸಮಯ ಅದು.

ಮುಂದಿನ ಸಲ ನಿಮ್ಮ ಸರದಿ ಬಂದಾಗ ಚೀಟಿಯಲ್ಲಿ ಮೊದಲ ವಾಕ್ಯ, ಮೂರು ವಿಚಾರ, ಕೊನೆಯ ವಾಕ್ಯ ಇಷ್ಟೇ ಬರೆದುಕೊಳ್ಳಿ. ನಿಮಗಿಂತ ಮೊದಲಿನವರು ಮಾತಾಡುವಾಗ ಅದನ್ನು ಓದುತ್ತಾ ಕೂರಬೇಡಿ. ಅವರು ಹೇಳಿದ್ದರಲ್ಲಿ ನಿಮ್ಮ ವಿಚಾರಕ್ಕೆ ತಾಗುವ ಒಂದು ಮಾತು ಸಿಕ್ಕರೆ, ಅಲ್ಲಿಂದಲೇ ಶುರು ಮಾಡಿ.